ಅಮೆರಿಕ–ರಷ್ಯಾ: ಹತ್ತು ನಿಮಿಷದ ಭಯ ಎಲ್ಲಿಂದ ಬಂತು?

1980ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿದ್ದ ಸೋವಿಯತ್ ಗೂಢಚಾರರಿಗೆ ಮಾಸ್ಕೊದಿಂದ ಒಂದು ಕೆಲಸ ಬಂತು. ರಾತ್ರಿ ಹೊತ್ತು ಬ್ರಿಟನ್ನಿನ ರಕ್ಷಣಾ ಕಚೇರಿಯ ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆ, ಹೊರಗೆ ಎಷ್ಟು ಕಾರು ನಿಂತಿವೆ ಅಂತ ಎಣಿಸಿ ತಿಳಿಸಬೇಕು. ರಕ್ತನಿಧಿಗಳು ರಕ್ತ ಜಾಸ್ತಿ ಕೂಡಿಡುತ್ತಿವೆಯಾ ಅನ್ನುವುದನ್ನೂ ಗಮನಿಸಬೇಕು. ಅಮೆರಿಕದ ಕಡೆಯವರು ಇದ್ದಕ್ಕಿದ್ದಂತೆ ಅಣುದಾಳಿ ಮಾಡಿಬಿಟ್ಟರೆ ಏನು ಗತಿ, ಸುಳಿವು ಮೊದಲೇ ಸಿಗಬೇಕು ಅನ್ನುವ ಭಯ ಅದರ ಹಿಂದಿತ್ತು. 'ರಯಾನ್' ಅನ್ನುವ ಹೆಸರಿನ ಈ ಕಾರ್ಯಾಚರಣೆ ಶುರುವಾಗಿದ್ದು 1981ರಲ್ಲಿ.

ನ್ಯಾಟೊ (ಅಮೆರಿಕ ಮತ್ತು ಪಶ್ಚಿಮ ಯುರೋಪಿನ ದೇಶಗಳ ಸೇನಾ ಕೂಟ), ಉಕ್ರೇನ್, ಮುರಿದ ಒಪ್ಪಂದಗಳು ಅಂತ ಇವತ್ತು ಸುದ್ದಿ ಓದುವವರಿಗೆ ಈ ವೈರದ ತಲೆ ಬುಡ ತಿಳಿಯುವುದಿಲ್ಲ. ಮೊದಲ ಭಾಗ ಚುಟುಕಾಗಿ ಹೇಳಬಹುದು. 1945ರಲ್ಲಿ ಅಣುಬಾಂಬ್ ಇದ್ದದ್ದು ಅಮೆರಿಕದ ಕೈಲಿ ಮಾತ್ರ, 1949ರಲ್ಲಿ ಸೋವಿಯತ್ ಒಕ್ಕೂಟವೂ ಪರೀಕ್ಷೆ ಮಾಡಿತು, 1962ರಲ್ಲಿ ಸೋವಿಯತ್ ಕ್ಷಿಪಣಿಗಳಿಂದಾದ ಕ್ಯೂಬಾದ ಬಿಕ್ಕಟ್ಟು ಎಲ್ಲರ ಎದೆ ನಡುಗಿಸಿತು, 1972ರಲ್ಲಿ ಇಬ್ಬರೂ ಕೂತು ಕ್ಷಿಪಣಿಗಳಿಗೆ ಒಂದು ಮಿತಿ ಹಾಕಿಕೊಂಡರು.

ಆಮೇಲಿನ ಹದಿನೈದು ವರ್ಷವನ್ನು ನಿಧಾನವಾಗಿ ನೋಡಬೇಕು. 1970ರ ದಶಕದ ಕೊನೆಗೆ ಸೋವಿಯತ್ ಸೇನೆ ಎಸ್‌ಎಸ್-20 ಕ್ಷಿಪಣಿಗಳನ್ನು ತಂದಿಡತೊಡಗಿತು. ದೊಡ್ಡ ಲಾರಿಯ ಮೇಲೆ ಓಡಾಡುವ ಕ್ಷಿಪಣಿ, ಒಂದೊಂದಕ್ಕೆ ಮೂರು ಸಿಡಿತಲೆ, ಅಂದರೆ ತುದಿಯಲ್ಲಿ ಮೂರು ಅಣುಬಾಂಬು. ಮಾಸ್ಕೊಗೆ ಅದು ಹಳೆಯದರ ಜಾಗಕ್ಕೆ ಬಂದ ಹೊಸದು. ಪಶ್ಚಿಮ ಯುರೋಪಿನವರಿಗೆ ತಮ್ಮ ಊರಿಗೇ ಗುರಿಯಿಟ್ಟಂತೆ ಕಂಡಿತು. 1979ರ ಡಿಸೆಂಬರ್‌ನಲ್ಲಿ ನ್ಯಾಟೊ ತೀರ್ಮಾನಿಸಿತು: ಮಾತುಕತೆಗೆ ಕರೆಯೋಣ, ಫಲಿಸದಿದ್ದರೆ 108 ಪರ್ಶಿಂಗ್-2 ಮತ್ತು 464 ಕ್ರೂಸ್ ಅನ್ನುವ ಅಮೆರಿಕದ ಕ್ಷಿಪಣಿಗಳನ್ನು ಪಶ್ಚಿಮ ಯುರೋಪಿಗೆ ತಂದಿಡೋಣ.

ಅಮೆರಿಕದ ನೆಲದಿಂದ ಹೊರಟ ಕ್ಷಿಪಣಿಗೆ ಸೋವಿಯತ್ ನೆಲ ಮುಟ್ಟಲು ಅರ್ಧ ಗಂಟೆ ಬೇಕು. ಪಶ್ಚಿಮ ಜರ್ಮನಿಯಿಂದ ಹಾರಿದ ಪರ್ಶಿಂಗ್‌ಗೆ ಹತ್ತು ನಿಮಿಷ ಸಾಕು. ಬಾಂಬುಗಳ ಲೆಕ್ಕಕ್ಕಿಂತ ಈ ನಿಮಿಷಗಳ ಲೆಕ್ಕವೇ ಇಬ್ಬರನ್ನೂ ಹೆಚ್ಚು ಕಂಗೆಡಿಸಿತು ಅನ್ನಿಸುತ್ತದೆ. ಹತ್ತು ನಿಮಿಷದಲ್ಲಿ ಯಾರನ್ನು ಕೇಳುವುದು, ಯಾವುದನ್ನು ಖಚಿತ ಮಾಡಿಕೊಳ್ಳುವುದು?

1983 ಬಂತು. ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯನ್ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನ ಹೊಡೆದುರುಳಿಸಿತು. 269 ಜನ ಸತ್ತರು. ಅದೇ ತಿಂಗಳ 26ರಂದು ನಡುರಾತ್ರಿ ದಾಟಿದ ಮೇಲೆ, ಮಾಸ್ಕೊದ ದಕ್ಷಿಣಕ್ಕಿರುವ ನಿಗಾ ಕೇಂದ್ರದಲ್ಲಿ ಸೈರನ್ ಕೂಗಿತು. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಅಂತ ಉಪಗ್ರಹ ಹೇಳಿತು. ಆಮೇಲೆ ಇನ್ನೂ ನಾಲ್ಕು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೊವ್ ಒಂದು ಲೆಕ್ಕ ಹಾಕಿದರು. ಯುದ್ಧ ಶುರು ಮಾಡುವವರು ಬರೀ ಐದು ಕ್ಷಿಪಣಿ ಬಿಡುತ್ತಾರಾ? ನೆಲದ ರೇಡಾರ್‌ನಲ್ಲೂ ಏನೂ ಕಾಣುತ್ತಿರಲಿಲ್ಲ. ಇದು ಸುಳ್ಳು ಎಚ್ಚರಿಕೆ ಅಂತ ಮೇಲಿನವರಿಗೆ ತಿಳಿಸಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಕುರ್ಚಿಯಲ್ಲಿ ಆ ರಾತ್ರಿ ಬೇರೆಯವರು ಇದ್ದಿದ್ದರೆ ಅಂತ ಯೋಚಿಸಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ನವೆಂಬರ್‌ನಲ್ಲಿ ನ್ಯಾಟೊ 'ಏಬಲ್ ಆರ್ಚರ್' ಅನ್ನುವ ಅಣುಯುದ್ಧದ ತಾಲೀಮು ನಡೆಸಿತು. ಇದು ನಿಜವಾದ ದಾಳಿಯ ಮುಸುಕೇನೋ ಅಂತ ಮಾಸ್ಕೊದಲ್ಲಿ ಅನುಮಾನಪಟ್ಟವರಿದ್ದರು. ಪರ್ಶಿಂಗ್‌ಗಳು ಜರ್ಮನಿಗೆ ಬಂದದ್ದೂ ಅದೇ ತಿಂಗಳು.

ಇಷ್ಟು ಬಿಗಿದ ಗಂಟನ್ನು ಬಿಚ್ಚಿದವರೂ ಅವರೇ ಅನ್ನುವುದನ್ನು ಮರೆಯಬಾರದು. 1987ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೊರ್ಬಚೆವ್ ಸಹಿ ಹಾಕಿದ ಐಎನ್ಎಫ್ ಒಪ್ಪಂದ 500ರಿಂದ 5,500 ಕಿಲೋಮೀಟರ್ ದೂರ ಹಾರುವ, ನೆಲದಿಂದ ಬಿಡುವ ಕ್ಷಿಪಣಿಗಳನ್ನು ಪೂರ್ತಿ ತೆಗೆದುಹಾಕಿತು. ಒಟ್ಟು 2,692 ಕ್ಷಿಪಣಿ ನಾಶವಾದವು. ಬರೀ ಮಾತು ನಂಬಿ ಬಿಡಲಿಲ್ಲ. ಸಂಗೀತಗಾರ ಚೈಕೊವ್‌ಸ್ಕಿ ಹುಟ್ಟಿದ ವೊಟ್‌ಕಿನ್ಸ್ಕ್ ಊರಿನ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲಿ ಅಮೆರಿಕದ ತಪಾಸಕರು ಕೂತರು. ಅಮೆರಿಕದ ಯೂಟಾದಲ್ಲಿ ರಷ್ಯನ್ನರು ಕೂತರು. ಹದಿಮೂರು ವರ್ಷ ಹೀಗೇ ನಡೆಯಿತು.

ಆಮೇಲಿನದು ಗೊತ್ತಿರುವ ಕಥೆ. ಸೋವಿಯತ್ ಒಕ್ಕೂಟ ಒಡೆಯಿತು, ನ್ಯಾಟೊ ಪೂರ್ವಕ್ಕೆ ಬೆಳೆಯಿತು, 2002ರಲ್ಲಿ ಅಮೆರಿಕ ಎದುರಾಳಿಯ ಕ್ಷಿಪಣಿ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ 1972ರ ಒಪ್ಪಂದ ಬಿಟ್ಟಿತು, ರಷ್ಯಾದ ಹೊಸ ಕ್ಷಿಪಣಿಯ ಜಗಳದಲ್ಲಿ 2019ಕ್ಕೆ ಐಎನ್ಎಫ್ ಕೂಡ ಹೋಯಿತು, 2022ರಲ್ಲಿ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಒಬ್ಬರು ರಕ್ಷಣೆ ಅಂದದ್ದು ಇನ್ನೊಬ್ಬರಿಗೆ ಪ್ರತಿ ಸಲವೂ ಬೆದರಿಕೆಯಾಗಿಯೇ ಕಂಡಿತು.

ದೊಡ್ಡ ಕ್ಷಿಪಣಿಗಳಿಗೆ ಅಂತ 2010ರಲ್ಲಿ ಮಾಡಿಕೊಂಡ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ತಲಾ 1,550 ಸಿಡಿತಲೆಯ ಮಿತಿ ಇತ್ತು. ವರ್ಷಕ್ಕೆ 18 ಸಲ ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಬಹುದಿತ್ತು. ಅವುಗಳಲ್ಲಿ ಕೆಲವು ಭೇಟಿಗಳಲ್ಲಿ ತಾವೇ ಆರಿಸಿದ ಒಂದು ಕ್ಷಿಪಣಿಯ ಮೂತಿ ತೆಗೆಸಿ, ಬಟ್ಟೆ ಹೊದಿಸಿದ ಸಿಡಿತಲೆಗಳನ್ನು ಕಣ್ಣಾರೆ ಎಣಿಸಬಹುದಿತ್ತು. ಕೊರೊನಾ ಬಂತು ಅಂತ 2020ರ ಮಾರ್ಚ್‌ನಲ್ಲಿ ಆ ಭೇಟಿಗಳನ್ನು ನಿಲ್ಲಿಸಿದರು. 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. ಎಣಿಸುವವರು ಮತ್ತೆ ಹೋಗಲೇ ಇಲ್ಲ.