ಆ ಮಸುಕು ಫೋಟೋ ಅಳಿಸಬೇಡಿ

"ಸರ್, ಇದು ಯಾವ ಹಕ್ಕಿ?" ಎಂದು ಕೇಳುವವರು ಸಾಮಾನ್ಯವಾಗಿ ತಮ್ಮಲ್ಲಿರುವ ಅತಿ ಚೆಂದದ ಫೋಟೋವನ್ನೇ ಆರಿಸಿ ಕಳಿಸುತ್ತಾರೆ. ಕೊಂಬೆ ಮೇಲೆ ಕೂತ ಹಕ್ಕಿ, ಮಿಂಚುವ ಕಣ್ಣು, ಬಾಗಿದ ಕೊಕ್ಕು. ನೋಡಲು ಸೊಗಸು. ಆದರೆ ಬೇಟೆ ಹಕ್ಕಿಯನ್ನು ಗುರುತಿಸಲು ನನಗೆ ಬೇಕಾಗಿರುವುದು ಅದರ ಮುಂದಿನ ಫೋಟೋ. ಹಕ್ಕಿ ಎದ್ದು ಹಾರಿದಾಗ ಕೈ ಅಲುಗಾಡಿ ತೆಗೆದದ್ದು, ಮಸುಕಾದದ್ದು, ಆದರೆ ರೆಕ್ಕೆ ಬಾಲ ಎರಡೂ ಬಿಚ್ಚಿಕೊಂಡದ್ದು. ಕೇಳಿದರೆ, "ಅಯ್ಯೋ, ಚೆನ್ನಾಗಿ ಬಂದಿಲ್ಲ ಅಂತ ಅಳಿಸಿಬಿಟ್ಟೆ" ಎನ್ನುತ್ತಾರೆ. ನಿಜವಾಗಿ ಬೇಜಾರಾಗುತ್ತದೆ.

ಯಾಕೆ ಅಂದರೆ, ಈ ಹಕ್ಕಿಗಳಲ್ಲಿ ಬಣ್ಣವನ್ನು ನಂಬುವ ಹಾಗಿಲ್ಲ. ಮರಿಗೆ ಒಂದು ಬಣ್ಣ, ಬೆಳೆದದ್ದಕ್ಕೆ ಇನ್ನೊಂದು. ಕೆಲವು ಜಾತಿಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಕಾಣುತ್ತವೆ. ಅದರ ಮೇಲೆ ಕ್ಯಾಮೆರಾದ ಕಾಟ ಬೇರೆ. ಬೆಂಗಳೂರಿನ ಮಳೆಗಾಲದ ಬಿಳಿ ಆಕಾಶಕ್ಕೆ ಎದುರಾಗಿ ತೆಗೆದರೆ ಕಂದು ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ಬಿಸಿಲಿನಲ್ಲಿ ಕೆಮ್ಮಣ್ಣಿನ ಮೇಲೆ ಹಾರುತ್ತಿದ್ದರೆ ಬಿಳಿ ಹೊಟ್ಟೆಗೂ ಕೆಂಪು ಛಾಯೆ ಬರುತ್ತದೆ. ಹಾಗಾಗಿ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಮೊದಲು ಆಕಾರ.

ನಮ್ಮೂರಿನ ಆಕಾಶದಲ್ಲಿ ಜಾಸ್ತಿ ಕಾಣುವುದು ಕರಿ ಹದ್ದು. ಮಾಂಸದಂಗಡಿ, ಕಸದ ರಾಶಿ, ಫ್ಲೈಓವರ್, ಎಲ್ಲಿ ನೋಡಿದರೂ ಅದೇ. ಅದರ ಬಾಲದ ತುದಿ ನಡುವೆ ಸ್ವಲ್ಪ ಒಳಕ್ಕೆ ಕತ್ತರಿಸಿದ ಹಾಗಿರುತ್ತದೆ. ಗರುಡನ ಬಾಲದ ತುದಿ ಗುಂಡಗಿರುತ್ತದೆ. ಬೆಳೆದ ಗರುಡನಿಗೆ ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ಮೈ ಇರುವುದರಿಂದ ಯಾರಿಗೂ ಗೊಂದಲವಿಲ್ಲ. ತೊಂದರೆ ಇರುವುದು ಮರಿ ಗರುಡನಲ್ಲಿ. ಅದು ಪೂರ್ತಿ ಕಂದು. ಬೆಳೆದ ಹಕ್ಕಿಯ ಬಣ್ಣ ಬರಲು ಮೂರನೇ ವರ್ಷ ಆಗಬೇಕು. ಅಲ್ಲಿಯವರೆಗೆ ಹಲಸೂರು ಕೆರೆಯ ಮೇಲೆ ಹಾರುವ ಮರಿ ಗರುಡನನ್ನು ಜನ ಕರಿ ಹದ್ದು ಎಂದೇ ಬರೆದುಕೊಳ್ಳುತ್ತಾರೆ. ಬಾಲ ಕಾಣುವ ಒಂದು ಫೋಟೋ ಇದ್ದರೆ ಸಾಮಾನ್ಯವಾಗಿ ಗೊಂದಲ ಅಲ್ಲೇ ಮುಗಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಕರಿ ಹದ್ದು ತಿರುವು ತೆಗೆದುಕೊಳ್ಳುವಾಗ ಬಾಲವನ್ನು ಪೂರ್ತಿ ಅಗಲಿಸುತ್ತದೆ. ಆಗ ಆ ಕತ್ತರಿಕೆ ಮಾಯವಾಗಿ ತುದಿ ನೇರವಾಗಿ ಕಾಣುತ್ತದೆ. ಗರಿ ಉದುರುವ ಕಾಲದಲ್ಲಿ ಬಾಲದ ನಡುವಿನ ಗರಿ ಇಲ್ಲದಿದ್ದರೆ ಬೇರೆ ಯಾವ ಹಕ್ಕಿಯ ಬಾಲವೂ ಕವಲೊಡೆದಂತೆ ಕಾಣಬಹುದು. ಅದಕ್ಕೇ ಒಂದೇ ಫೋಟೋ ಸಾಲದು. ಸಾಲಾಗಿ ತೆಗೆದ ಎಲ್ಲವನ್ನೂ ಕಳಿಸಿ ಎಂದು ಕೇಳುವುದು.

ನನಗೆ ತುಂಬಾ ಇಷ್ಟವಾದ, ಅಷ್ಟೇ ಕಷ್ಟ ಕೊಡುವ ಹಕ್ಕಿ ಜೇನು ಗಿಡುಗ. ಜೇನುಹುಳು, ಕಣಜದ ಹುಳುಗಳ ಮರಿಗಳೇ ಇದರ ಮುಖ್ಯ ಊಟ. ಅಪಾರ್ಟ್‌ಮೆಂಟಿನ ಮೇಲ್ಮಹಡಿಗೆ ಹೆಜ್ಜೇನು ಕಟ್ಟಿದರೆ ಇದೂ ಹುಡುಕಿಕೊಂಡು ಬರುವುದುಂಟು. ಇದರ ಬಣ್ಣಕ್ಕೆ ನಿಯಮವೇ ಇಲ್ಲ. ಹೊಟ್ಟೆ ಬಿಳಿಯಿರುವುದು, ಗಾಢ ಕಂದು ಇರುವುದು, ಅಡ್ಡಪಟ್ಟೆ ಇರುವುದು, ಉದ್ದಗೆರೆ ಇರುವುದು, ಎಲ್ಲವೂ ಒಂದೇ ಜಾತಿ. ಬಣ್ಣದ ಚಿತ್ರಪುಸ್ತಕ ಇಟ್ಟುಕೊಂಡು ಹುಡುಕಿದರೆ ಪ್ರತಿ ಸಲ ಹೊಸ ಹೆಸರು ಸಿಗುತ್ತದೆ. ಆದರೆ ಅದರ ತಲೆ ನೋಡಿ. ಅಷ್ಟು ದೊಡ್ಡ ಮೈಗೆ ಪಾರಿವಾಳದ ತಲೆ ಅಂಟಿಸಿದ ಹಾಗೆ ಸಣ್ಣಗೆ, ಉದ್ದ ಕತ್ತಿನ ತುದಿಯಲ್ಲಿ ಇರುತ್ತದೆ. ಹಾರುವಾಗ ತಲೆ ಮುಂದಕ್ಕೆ ಚಾಚಿರುತ್ತದೆ. ರೆಕ್ಕೆಯ ತುದಿಯಲ್ಲಿ ಬಿಡಿಬಿಡಿಯಾಗಿ ಕಾಣುವ ಗರಿಗಳನ್ನು ನಾವು ಬೆರಳು ಎನ್ನುತ್ತೇವೆ. ಇದಕ್ಕೆ ಅಂಥ ಆರು ಬೆರಳು. ಬೆಳೆದ ಗಂಡಾದರೆ ಕಣ್ಣು ಕಪ್ಪು, ಬಾಲದಲ್ಲಿ ಎರಡು ಅಗಲವಾದ ಕಪ್ಪು ಪಟ್ಟಿ. ಮಸುಕು ಫೋಟೋದಲ್ಲೂ ಆ ತಲೆ ಮತ್ತು ಬಾಲ ಉಳಿದುಕೊಳ್ಳುತ್ತವೆ.

ಬೆರಳು ಎಣಿಸುವುದು ಇನ್ನೊಂದು ಕಡೆಯೂ ಕೈ ಹಿಡಿಯುತ್ತದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮನೆ ಮುಂದಿನ ರಸ್ತೆಯ ಮರಗಳಲ್ಲೂ ಇರುವ ಶಿಕ್ರಾ ಎಂಬ ಸಣ್ಣ ಗಿಡುಗಕ್ಕೆ ಐದು ಬೆರಳು. ಚಳಿಗಾಲಕ್ಕೆ ಅಪರೂಪವಾಗಿ ಬರುವ ಯುರೇಷಿಯನ್ ಸ್ಪ್ಯಾರೋಹಾಕ್‌ಗೆ ಆರು. ಕೂತ ಫೋಟೋದಲ್ಲಿ ಇದು ಕಾಣುವುದೇ ಇಲ್ಲ ಅಲ್ವಾ?

ಶಿಕ್ರಾ ಎಂದು ಬರುವ ಫೋಟೋಗಳಲ್ಲಿ ಕೆಲವು ಬೇಟೆ ಹಕ್ಕಿಯೇ ಅಲ್ಲ. ಕೋಗಿಲೆಯ ಬಳಗದ ಹಾಕ್ ಕುಕ್ಕೂ ಬೂದು ಬೆನ್ನು, ಪಟ್ಟೆ ಬಾಲ, ಹಾರುವ ರೀತಿ ಎಲ್ಲದರಲ್ಲೂ ಶಿಕ್ರಾವನ್ನೇ ಹೋಲುತ್ತದೆ. ಬೇಸಿಗೆಯಲ್ಲಿ ಸ್ವರ ಏರಿಸುತ್ತಾ ಏರಿಸುತ್ತಾ ಕೂಗುವುದು ಇದೇ ಹಕ್ಕಿ. ಇಲ್ಲಿ ಮಾತ್ರ ಕೂತ ಫೋಟೋ ಸಹಾಯಕ್ಕೆ ಬರುತ್ತದೆ. ಇದರ ಕೊಕ್ಕಿನ ತುದಿಯಲ್ಲಿ ಮಾಂಸ ಕೀಳುವ ಕೊಕ್ಕೆ ಇರುವುದಿಲ್ಲ. ಕಾಲಿನಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಶಿಕ್ರಾಗೆ ಮೂರು ಮುಂದೆ, ಒಂದು ಹಿಂದೆ.

ಫೋಟೋ ಕ್ರಾಪ್ ಮಾಡಿ ಕಳಿಸುವವರಲ್ಲಿ ಒಂದು ಬೇಡಿಕೆ. ಹದ್ದನ್ನು ಅಟ್ಟಿಸಿಕೊಂಡು ಬಂದ ಕಾಗೆಯನ್ನು ದಯವಿಟ್ಟು ಕತ್ತರಿಸಬೇಡಿ. ಖಾಲಿ ಆಕಾಶದಲ್ಲಿ ಹಕ್ಕಿಯ ಗಾತ್ರ ತಿಳಿಯಲು ದಾರಿಯೇ ಇಲ್ಲ. ಪಕ್ಕದಲ್ಲಿ ಕಾಗೆ ಇದ್ದರೆ ಅದೇ ಅಳತೆಗೋಲು. ಊರ ಕಾಗೆ ಸುಮಾರು 40 ಸೆಂಟಿಮೀಟರ್ ಉದ್ದ, ಕರಿ ಹದ್ದು ಸುಮಾರು 60. ಶಿಕ್ರಾ ಕಾಗೆಗಿಂತ ಚಿಕ್ಕದು. ಎರಡೂ ಒಂದೇ ದೂರದಲ್ಲಿದ್ದರೆ ಮಾತ್ರ ಈ ಲೆಕ್ಕ ಸರಿ.

ಫೋನಿನ ಜೂಮ್ ಬಗ್ಗೆ ನನಗೆ ಕಳವಳವಿದೆ. ತುಂಬಾ ಜೂಮ್ ಮಾಡಿದಾಗ ಫೋನು ಚಿತ್ರವನ್ನು ತಾನೇ ತಿದ್ದಿ ಚೂಪು ಮಾಡುತ್ತದೆ. ಆಗ ಇಲ್ಲದ ಗೆರೆ, ಇಲ್ಲದ ಪಟ್ಟೆ ಮೂಡಬಹುದು. ಅಂಥ ಫೋಟೋದಲ್ಲಿ ಎದೆಯ ಗೆರೆ ನೋಡಿ ತೀರ್ಮಾನ ಹೇಳಲು ನಾನು ಒಪ್ಪುವುದಿಲ್ಲ. ಹಕ್ಕಿ ಗುರುತಿಸುವ ಆ್ಯಪ್‌ಗಳೂ ಅಂಥ ಫೋಟೋ ನೋಡಿ ಧೈರ್ಯವಾಗಿ ಒಂದು ಹೆಸರು ಕೊಟ್ಟುಬಿಡಬಹುದು. ಅದನ್ನು ಒಂದು ಸಲಹೆ ಎಂದಷ್ಟೇ ತೆಗೆದುಕೊಳ್ಳಿ.

ತಾರೀಖು, ಜಾಗ ಎರಡೂ ಬೇಕು. ಹೆಸರಘಟ್ಟದ ಹುಲ್ಲುಗಾವಲಿಗೆ ಸೆಳೆವಗಳು, ಅಂದರೆ ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು, ಬರುವುದು ಚಳಿಗಾಲದಲ್ಲಿ. ಜೂನ್‌ನಲ್ಲಿ ತೆಗೆದ ಸೆಳೆವ ಎಂದರೆ ನಾನು ಮತ್ತೆ ಮತ್ತೆ ನೋಡುತ್ತೇನೆ. ಸೆಳೆವಗಳಲ್ಲೇ ಮಾಂಟೇಗು ಮತ್ತು ಪ್ಯಾಲಿಡ್ ಎಂಬ ಎರಡರ ಹೆಣ್ಣುಗಳು ಎಷ್ಟು ಹತ್ತಿರ ಎಂದರೆ, ದೂರದ ಫೋಟೋ ಆದರೆ "ಇವೆರಡರಲ್ಲಿ ಒಂದು" ಎಂದೇ ಬರೆದು ಕಳಿಸುತ್ತೇನೆ. ಕೆಲವರಿಗೆ ನಿರಾಸೆಯಾಗುತ್ತದೆ. ಆದರೆ ತಪ್ಪು ಹೆಸರು ದಾಖಲೆಗೆ ಸೇರಿದರೆ ಅದನ್ನು ತೆಗೆಯುವುದು ಬಹಳ ಕಷ್ಟ.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಅಳಿಸಿಹೋಗುತ್ತದೆ. ಗೂಡಿನ ಫೋಟೋ ಆದರೆ ಮಾತ್ರ ಜಾಗವನ್ನು ಗ್ರೂಪಿನಲ್ಲಿ ಹಾಕಬೇಡಿ, ಗುರುತಿಸುವವರಿಗೆ ಮಾತ್ರ ತಿಳಿಸಿ. ಮರದ ಕೆಳಗೆ ದಿನವೂ ಜನ ಸೇರಿದರೆ ತಾಯಿ ಹಕ್ಕಿ ಗೂಡಿಗೆ ಬರಲು ಹಿಂಜರಿಯುತ್ತದೆ. ಅಷ್ಟು ಹೊತ್ತು ಮರಿ ಬಿಸಿಲಲ್ಲಿ ಒಂಟಿಯಾಗಿ, ಕಾಗೆಗಳ ಕಣ್ಣಿಗೆ ಬೀಳುವಂತೆ ಕೂತಿರಬೇಕಾಗುತ್ತದೆ.