ಕೇಳಿದ್ದು ಹೊಳೆ ನೀರು, ಬಂದಿದ್ದು ಕೆ.ಸಿ. ವ್ಯಾಲಿ ನೀರು

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ವ್ಯಾಲಿ (ಕೆ.ಸಿ. ವ್ಯಾಲಿ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ಹರಿದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷಗಟ್ಟಲೆ ಜಾಲಿ ಬೆಳೆದು ಒಣಗಿದ್ದ ಕೆರೆಗಳ ಸೀಮೆ ಅದು. ಜನ ಖುಷಿಪಟ್ಟರು. ಮರುತಿಂಗಳೇ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ನೊರೆಯನ್ನು ಟಿವಿಯಲ್ಲಿ ನೋಡಿದ್ದವರಿಗೆ ಬೇರೆ ಸಾಕ್ಷಿ ಬೇಕಿತ್ತಾ? ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಕೆಲವೇ ತಿಂಗಳಲ್ಲಿ ಅದೂ ತೆರವಾಗಿ ನೀರು ಮತ್ತೆ ಹರಿಯಿತು.

ಈ ನೀರಿಗೆ ಎದ್ದ ವಿರೋಧವನ್ನು ಸುಮ್ನೆ ಹೇಸಿಗೆ, ಮಡಿ-ಮೈಲಿಗೆ ಅಂತ ತಳ್ಳಿಹಾಕುವವರಿದ್ದಾರೆ. ಆಸ್ಟ್ರೇಲಿಯಾದ ಟೂವೂಂಬಾ ಊರಿನಲ್ಲಿ 2006ರಲ್ಲಿ, ಬರದ ನಡುವೆಯೇ, ಶುದ್ಧೀಕರಿಸಿದ ಕೊಳಚೆ ನೀರನ್ನು ಕುಡಿಯಬೇಕೇ ಎಂದು ಮತಕ್ಕೆ ಹಾಕಿದಾಗ ಸುಮಾರು ಶೇ 62ರಷ್ಟು ಜನ ಬೇಡ ಎಂದಿದ್ದರು. ಅಲ್ಲಿ ಹೇಸಿಗೆಯ ಪಾಲು ಇತ್ತು, ನಿಜ. ಕೋಲಾರದ ಕಥೆ ಬೇರೆ. ಇಲ್ಲಿ ಕೆರೆಯ ನೀರನ್ನು ನೇರವಾಗಿ ಕುಡಿಯುವ ಮಾತೇ ಇರಲಿಲ್ಲ. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆ ತುಂಬಿಸಿ, ಅಂತರ್ಜಲ ಏರಿಸುವುದಷ್ಟೇ ಯೋಜನೆ. ಕೆರೆಗೆ ಮೋಟಾರ್ ಇಟ್ಟು ನೀರೆತ್ತುವಂತೆಯೂ ಇಲ್ಲ.

ಸಿಟ್ಟಿನ ಬೇರು ಹಳೆಯದು. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಗಿಲ್ಲ. ಪಾಲಾರ್ ಹೆಸರಿಗಷ್ಟೇ ನದಿ. ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಸಿಕ್ಕ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್. ಅದಕ್ಕೇ ಇಲ್ಲಿನವರು ದಶಕಗಳಿಂದ ‘ಶಾಶ್ವತ ನೀರಾವರಿ’ ಕೇಳುತ್ತಾ ಬಂದಿದ್ದಾರೆ. 2014ರಲ್ಲಿ ಪಶ್ಚಿಮ ಘಟ್ಟದ ನೀರನ್ನು ಇತ್ತ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆಯಿತು. ಆದರೆ ಘಟ್ಟದ ನೀರಿಗಿಂತ ಮೊದಲು ಬಂದಿದ್ದು ಬೆಂಗಳೂರಿನ ಚರಂಡಿ ನೀರು. ‘ಅವರು ಬಳಸಿ ಬಿಟ್ಟಿದ್ದು ನಮಗೆ’ ಎನ್ನಿಸುವುದು ಸಹಜ ಅಲ್ವಾ?

ಇನ್ನೊಂದು, ಶುದ್ಧೀಕರಣದ ಹಂತದ ಜಗಳ. ಎರಡನೇ ಹಂತದವರೆಗೆ ಶುದ್ಧ ಮಾಡಿದರೆ ಕೊಳೆಯುವ ಕಶ್ಮಲ ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕ ಒಂದಿಷ್ಟು ಉಳಿಯುತ್ತವೆ, ಅವು ಕೆರೆಯಲ್ಲಿ ಪಾಚಿಗೆ ಗೊಬ್ಬರ. ಹೋರಾಟಗಾರರು ಕೇಳಿದ್ದು ಅವನ್ನೂ ತೆಗೆಯುವ ಮೂರನೇ ಹಂತವನ್ನು. ‘ನೀರು ಬೇಡ’ ಎನ್ನುವುದಕ್ಕೂ ‘ಇನ್ನೊಮ್ಮೆ ಶುದ್ಧ ಮಾಡಿ ಕೊಡಿ’ ಎನ್ನುವುದಕ್ಕೂ ಬಹಳ ಅಂತರವಿದೆ. ನನ್ನ ಮಟ್ಟಿಗೆ ಎರಡನೆಯದು ವಿರೋಧವೇ ಅಲ್ಲ, ಗಿರಾಕಿಯ ಹಕ್ಕು.

ಕೆರೆ ತುಂಬಿದ ಮೇಲೆ ಮಾತು ಇಬ್ಭಾಗವಾಯಿತು. ಅಕ್ಕಪಕ್ಕದ ಬತ್ತಿದ ಬೋರ್‌ಗಳಲ್ಲಿ ನೀರು ಬಂದ ರೈತನಿಗೆ ಅದು ಈಗ ‘ಕೆ.ಸಿ. ವ್ಯಾಲಿ ನೀರು’. ಅದೇ ಬೋರ್ ನೀರು ಕುಡಿಯಬೇಕಾದವರಿಗೆ ಇನ್ನೂ ‘ಕೊಳಚೆ ನೀರು’. ಸಿಂಗಪುರ ಈ ಹೆಸರಿನ ಗುಟ್ಟನ್ನು ಮೊದಲೇ ಅರಿತಿತ್ತು. ಅಲ್ಲಿ ಕೊಳಚೆಗೆ ‘ಬಳಸಿದ ನೀರು’ ಎನ್ನುತ್ತಾರೆ, ಶುದ್ಧವಾದದ್ದು ‘ನ್ಯೂವಾಟರ್’. ಬರೀ ಹೆಸರು ಬದಲಿಸಲಿಲ್ಲ ಅನ್ನಿ, ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ನೇರಳಾತೀತ ಕಿರಣ ಹಾಯಿಸಿ, ಜನರನ್ನು ಕರೆದು ತೋರಿಸಿದರು.

2024ರ ಬೇಸಿಗೆಯಲ್ಲಿ ಬೆಂಗಳೂರಿಗೇ ನೀರಿನ ಬರ ಬಂತು. ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ, ಸಂಸ್ಕರಿಸಿದ ನೀರನ್ನೇ ಬಳಸಿ ಎಂದು ಜಲಮಂಡಳಿ ಹೇಳಿತು. ಒಣಗುತ್ತಿದ್ದ ನಗರದ ಕೆರೆಗಳಿಗೂ ಅದೇ ನೀರು ತುಂಬಿಸಲು ಹೊರಟಿತು.