ನಾಲ್ಕು ಟ್ರೇ ಇಟ್ಟರೂ ಹಾಸಿಗೆಯೇ ಏಕೆ?

ಬೆಕ್ಕು ಹಾಸಿಗೆಯ ಮೇಲೆ ಮೂತ್ರ ಮಾಡಿದರೆ, ನನ್ನ ಬಳಿ ಬರುವ ಹೊತ್ತಿಗೆ ಮನೆಯವರ ತೀರ್ಪು ಆಗಿಬಿಟ್ಟಿರುತ್ತದೆ: ಸೇಡು. ನಾವು ಊರಿಗೆ ಹೋಗಿಬಂದದ್ದಕ್ಕೆ ಸೇಡು, ಹೊಸ ಮರಿ ತಂದದ್ದಕ್ಕೆ ಸೇಡು, ಮೀನು ನಿಲ್ಲಿಸಿ ಒಣ ಆಹಾರ ಹಾಕಿದ್ದಕ್ಕೆ ಸೇಡು. ಹೇಳುವವರು ಓದಿದವರು, ಬೆಕ್ಕಿನ ಹುಟ್ಟುಹಬ್ಬಕ್ಕೆ ನೆಂಟರನ್ನು ಕರೆಯುವಷ್ಟು ಪ್ರೀತಿಯುಳ್ಳವರು. ಅಷ್ಟು ಪ್ರೀತಿಸುವ ಪ್ರಾಣಿ ತಮ್ಮ ವಿರುದ್ಧ ಸಂಚು ಹೂಡುತ್ತಿದೆ ಎಂದು ಅವರು ಹೇಗೆ ನಂಬುತ್ತಾರೋ ನನಗೆ ತಿಳಿಯದು.

ಮೊದಲು ಮೂತ್ರ ಪರೀಕ್ಷೆ ಆಗಲಿ. ಮೂತ್ರಕೋಶದ ಉರಿಯೂತ, ಹರಳು, ವಯಸ್ಸಾದ ಬೆಕ್ಕಾದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಮಲಮೂತ್ರಕ್ಕೆಂದು ಇಟ್ಟ ಟ್ರೇ ಹತ್ತಲಾಗದಂತೆ ಮಾಡುವ ಕೀಲುನೋವು, ಇವು ಯಾವುವೂ ಇಲ್ಲವೆಂದು ಖಚಿತವಾಗದೆ ನಾನು ಸ್ವಭಾವದ ಮಾತೆತ್ತುವುದಿಲ್ಲ. ನೀವೂ ಎತ್ತಬೇಡಿ. ಅದೆಲ್ಲ ಮುಗಿದ ಮೇಲೆ ಒಂದು ಹಾಳೆ, ಪೆನ್ನು ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳುತ್ತೇನೆ. ಬಾಗಿಲುಗಳನ್ನು ಮರೆಯದೆ ತೋರಿಸಬೇಕು. ಟ್ರೇ ಎಲ್ಲಿ, ಊಟದ ಬಟ್ಟಲು ಎಲ್ಲಿ, ಯಾವ ಬೆಕ್ಕು ಎಲ್ಲಿ ಮಲಗುತ್ತದೆ ಎಂಬುದನ್ನೂ ಗುರುತಿಸಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನಕ್ಷೆಗಳಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಎರಡು ಮಲಗುವ ಕೋಣೆ, ಹಾಲ್, ಅಡುಗೆಮನೆ, ಅದರ ಹಿಂದೆ ಯುಟಿಲಿಟಿ. ಆ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ಲಿಟರ್ ಟ್ರೇಗಳ ಸಾಲು. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತಿದೆ. ‘ಡಾಕ್ಟರೇ, ಮೂರು ಬೆಕ್ಕಿಗೆ ನಾಲ್ಕು ಟ್ರೇ ಇಟ್ಟಿದ್ದೇವೆ’ ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಇಟ್ಟಿರುವುದು ಒಂದು. ಒಂದೇ ಬಾಗಿಲಿನ ಹಿಂದೆ ಸಾಲಾಗಿರುವ ನಾಲ್ಕು ಟ್ರೇ ಬೆಕ್ಕಿನ ಪಾಲಿಗೆ ಒಂದೇ ಜಾಗ. ಈ ಮಾತನ್ನು ಎಷ್ಟು ಬಗೆಯಲ್ಲಿ ಹೇಳಿದರೂ ಜನ ತಲೆಯಾಡಿಸಿ ಮನೆಗೆ ಹೋಗಿ ಐದನೆಯ ಟ್ರೇ ತಂದು ಅದೇ ಸಾಲಿಗೆ ಸೇರಿಸುತ್ತಾರೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ವಠಾರದ ಹಿತ್ತಿಲಲ್ಲಿ ನಾಲ್ಕು ಶೌಚಾಲಯಗಳಿವೆ, ಹಿತ್ತಿಲಿಗೆ ಹೋಗುವ ಒಂದೇ ಓಣಿಯಲ್ಲಿ ನಿಮ್ಮನ್ನು ಕಂಡರಾಗದವನೊಬ್ಬ ಇಡೀ ದಿನ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ ಎಂದುಕೊಳ್ಳಿ. ಅವನು ಬೈಯುವುದಿಲ್ಲ, ಹೊಡೆಯುವುದಿಲ್ಲ, ಸುಮ್ಮನೆ ದಿಟ್ಟಿಸುತ್ತಾನೆ. ಹಿತ್ತಿಲಲ್ಲಿ ಎಷ್ಟು ಬಾಗಿಲುಗಳಿವೆ ಎಂಬುದರಿಂದ ನಿಮಗೇನು ಲಾಭ?

ಗಿರಿನಗರದ ಒಬ್ಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಆಗುತ್ತಿದ್ದದ್ದು ಇದೇ. ಕರಿಯ, ಬೆಳ್ಳಿ, ಪುಟ್ಟಿ ಎಂದು ಮೂರು ಬೆಕ್ಕು. ಪುಟ್ಟಿ ಮೇಡಂ ಅವರ ಹಾಸಿಗೆಯನ್ನೇ ಹುಡುಕಿಕೊಂಡು ಹೋಗುತ್ತಿದ್ದಳು. ‘ಮೂರೂ ಅನ್ಯೋನ್ಯವಾಗಿವೆ, ಒಂದು ದಿನವೂ ಜಗಳವಿಲ್ಲ’ ಎಂದರು. ಮೊಬೈಲಿನಲ್ಲಿ ಅರ್ಧ ಗಂಟೆ ವಿಡಿಯೊ ಮಾಡಿ ತರಲು ಹೇಳಿದೆ. ವಿಡಿಯೊದಲ್ಲಿ ಕರಿಯ ಅಡುಗೆಮನೆಯ ಹೊಸ್ತಿಲ ಮೇಲೆ ಉದ್ದಕ್ಕೆ ಮಲಗಿದ್ದ. ಪುಟ್ಟಿ ಹಾಲ್‌ನಿಂದ ನಾಲ್ಕು ಹೆಜ್ಜೆ ಬಂದಳು. ಕರಿಯ ತಲೆಯೆತ್ತಿ ನೋಡಿದ, ಬಾಲದ ತುದಿ ಒಮ್ಮೆ ಅಲುಗಿತು, ಅಷ್ಟೇ. ಪುಟ್ಟಿ ಏನೂ ಆಗಿಲ್ಲವೆಂಬಂತೆ ತಿರುಗಿ ಮಲಗುವ ಕೋಣೆಗೆ ನಡೆದಳು. ಮೇಡಂ ಮೂರು ಸಲ ನೋಡಿದರೂ ‘ಇದರಲ್ಲಿ ಏನಿದೆ?’ ಎಂದೇ ಕೇಳಿದರು. ತರಗತಿಯ ಹಿಂದಿನ ಬೆಂಚಿನ ಪಿಸುಮಾತನ್ನೂ ಬಿಡದೆ ಹಿಡಿದಿರಬಹುದಾದ ಕಣ್ಣು ಅದು!

ಬೆಕ್ಕಿನ ಜಗಳ ಬಹುಮಟ್ಟಿಗೆ ಹೀಗೆ ಸದ್ದಿಲ್ಲದ್ದು. ಮನೆಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು, ಒಂಟಿಯಾಗಿ ಇಲಿ ಹಿಡಿದು ಒಂಟಿಯಾಗಿ ತಿನ್ನುವ ಪ್ರಾಣಿ. ಗುಂಪಿನಲ್ಲಿ ಬೇಟೆಯಾಡಿದ ಕುಲದ ನಾಯಿಗೆ ಜಗಳವಾಡಿ ರಾಜಿಯಾಗುವ ರೀತಿಗಳು ಗೊತ್ತು. ಬೆಕ್ಕಿಗೆ ಗೊತ್ತಿರುವ ಮುಖ್ಯ ಉಪಾಯ ದೂರ ಸರಿಯುವುದು, ಇಲ್ಲವೇ ಬೇರೆ ಹೊತ್ತಿಗೆ ಬರುವುದು. ತೋಟವಿದ್ದ ಹಳೆಯ ಮನೆಗಳಲ್ಲಿ ಅದಕ್ಕೆ ಜಾಗವಿತ್ತು. ಒಂಬತ್ತನೆಯ ಮಹಡಿಯಲ್ಲಿ, ಬಲೆ ಹಾಕಿದ ಬಾಲ್ಕನಿಯಾಚೆಗೆ ಸರಿಯಲು ಜಾಗವೆಲ್ಲಿದೆ? (ಬಲೆ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಮೇಲಿನಿಂದ ಬಿದ್ದು ದವಡೆ ಮುರಿದುಕೊಂಡು ಬರುವ ಬೆಕ್ಕುಗಳನ್ನು ನೋಡಿದವರು ಆ ಮಾತು ಆಡುವುದಿಲ್ಲ.)

ಹಾಗಾದರೆ ಸ್ನೇಹವನ್ನು ಗುರುತಿಸುವುದು ಹೇಗೆ? ಒಂದು ಇನ್ನೊಂದರ ತಲೆ ನೆಕ್ಕುವುದು, ಬಾಲವನ್ನು ನೆಟ್ಟಗೆ ಎತ್ತಿಕೊಂಡು ಹತ್ತಿರ ಬರುವುದು, ಕೆನ್ನೆ ಉಜ್ಜುವುದು, ಮೈಗೆ ಮೈ ತಾಗಿಸಿ ಮಲಗುವುದು. ಒಂದೇ ಸೋಫಾದ ಎರಡು ತುದಿಗಳಲ್ಲಿ ಮಲಗಿದ ಮಾತ್ರಕ್ಕೆ ಸ್ನೇಹವೆನ್ನಲಾಗದು. ಬೆಳಗಿನ ಬಿಸಿಲು ಬೀಳುವ ಮೆತ್ತನೆಯ ಜಾಗ ಆ ಮನೆಯಲ್ಲಿ ಅದೊಂದೇ ಇದ್ದರೆ ಶತ್ರುಗಳೂ ಹಂಚಿಕೊಳ್ಳುತ್ತಾರೆ. ಯಾವಾಗಲೂ ಬೀರುವಿನ ಮೇಲೆಯೇ ಇರುವ, ನೀವು ಅಡುಗೆಮನೆಯಲ್ಲಿ ನಿಂತಾಗ ಮಾತ್ರ ಬಂದು ಗಬಗಬ ತಿಂದು ಓಡುವ ಬೆಕ್ಕಿನ ಕಡೆ ನಿಮ್ಮ ಗಮನವಿರಲಿ. ‘ಅವಳ ಸ್ವಭಾವವೇ ಹಾಗೆ, ನಾಚಿಕೆ’ ಎನ್ನುತ್ತಾರೆ. ಇರಬಹುದು. ಉಳಿದ ಎರಡು ಬೆಕ್ಕುಗಳನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿದಾಗಲೂ ಅವಳು ಹಾಗೆಯೇ ಇರುತ್ತಾಳೆಯೇ ಎಂದು ಒಮ್ಮೆ ನೋಡಿ.

ಪುಟ್ಟಿಯ ಮನೆಯಲ್ಲಿ ಒಂದು ಟ್ರೇಯನ್ನು ಯುಟಿಲಿಟಿಯಲ್ಲಿ ಉಳಿಸಿ, ಒಂದನ್ನು ಮಲಗುವ ಕೋಣೆಯ ಮೂಲೆಗೆ, ಇನ್ನೊಂದನ್ನು ಹಾಲ್‌ಗೆ ತರಲು ಹೇಳಿದೆ. ‘ಹಾಲ್‌ಗೆ? ಬಂದವರು ಏನೆಂದುಕೊಂಡಾರು?’ ಇಲ್ಲಿಗೆ ಬಂದು ನಿಲ್ಲದ ಸಮಾಲೋಚನೆಯೇ ಇಲ್ಲ. ಬಂದವರು ಕಾಫಿ ಕುಡಿದು ಹೋಗುತ್ತಾರೆ, ಬೆಕ್ಕು ಅಲ್ಲಿ ಬದುಕಬೇಕು. ಟ್ರೇಯನ್ನು ದಿನವೂ ಶುಚಿ ಮಾಡಿದರೆ ವಾಸನೆ ಅಷ್ಟಾಗಿ ಬಾರದು. ಊಟದ ಬಟ್ಟಲುಗಳೂ ಪಂಕ್ತಿಯಲ್ಲಿರಬಾರದು, ಒಂದರಿಂದ ಇನ್ನೊಂದು ಕಾಣದಂತೆ ಬೇರೆ ಬೇರೆ ಕಡೆ ಇಡಿ. ಹತ್ತಿ ಕೂರಲು ಕಪಾಟಿನ ಮೇಲೆ ಜಾಗ ಮಾಡಿಕೊಡುವುದಾದರೆ ಇಳಿಯಲು ಎರಡು ದಾರಿಗಳಿರಲಿ, ಇಲ್ಲದಿದ್ದರೆ ಅಲ್ಲೂ ಒಂದು ಹೊಸ್ತಿಲು ಹುಟ್ಟಿಕೊಳ್ಳುತ್ತದೆ. ಇದರಿಂದ ಎಲ್ಲ ಮನೆಗಳೂ ಸರಿಹೋಗುತ್ತವೆ ಎಂದು ನಾನು ಮಾತು ಕೊಡಲಾರೆ. ಕೆಲವು ಬೆಕ್ಕುಗಳು ಒಂದೇ ಸೂರಿನಡಿ ಬಾಳಲಾರವು. ಪುಟ್ಟಿಯ ಮಟ್ಟಿಗೆ ಹಾಸಿಗೆ ಒಣಗಿತು.

ಒದ್ದೆಯಾದ ಜಾಗಕ್ಕೆ ಫಿನಾಯಿಲ್ ಬೇಡ. ಫೀನಾಲ್ ಇರುವ ಶುಚಿಕಾರಕಗಳು ಬೆಕ್ಕಿಗೆ ವಿಷ, ಅದರ ಯಕೃತ್ತು ಅದನ್ನು ಸರಿಯಾಗಿ ಕರಗಿಸಲಾರದು. ಕಿಣ್ವವಿರುವ ದ್ರಾವಣ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಮೂತಿಯನ್ನು ನೆಲಕ್ಕೆ ಉಜ್ಜುವುದು, ಹೊಡೆಯುವುದು ಇವೆಲ್ಲ ಈಗಾಗಲೇ ಹೆದರಿದ ಪ್ರಾಣಿಗೆ ಇನ್ನೊಂದು ಹೆದರಿಕೆಯನ್ನು ಸೇರಿಸುತ್ತವೆ. ಗೋಡೆಗೆ ಬಾಲ ನಡುಗಿಸುತ್ತ ಚಿಮುಕಿಸುವುದು ಬೇರೆ ವಿಷಯ, ಅದು ಗಡಿ ಗುರುತಿಸುವ ಕೆಲಸ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿ, ಹನಿಯೂ ಬಾರದೆ ಅರಚುತ್ತಿದ್ದರೆ ಈ ಅಂಕಣವನ್ನೂ ನಕ್ಷೆಯನ್ನೂ ಬದಿಗಿಡಿ. ಮೂತ್ರನಾಳ ಕಟ್ಟಿಕೊಂಡಿದ್ದರೆ ಒಂದೆರಡು ದಿನಗಳೊಳಗೆ ಜೀವ ಹೋಗಬಹುದು. ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಒಯ್ಯಿರಿ. ಚಿಕಿತ್ಸೆ ಮುಗಿದು ಮನೆಗೆ ಬಂದಾಗ ಉಳಿದ ಬೆಕ್ಕುಗಳು ಅದನ್ನು ಕಂಡು ಬುಸುಗುಟ್ಟಿದರೆ ಗಾಬರಿ ಬೇಡ. ಅದರ ಮೈಗೆ ಆಸ್ಪತ್ರೆಯ ವಾಸನೆ ಹತ್ತಿರುತ್ತದೆ, ಅವುಗಳಿಗೆ ಗುರುತು ಸಿಗುವುದಿಲ್ಲ. ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಮನೆಯಲ್ಲಿ ಎಲ್ಲವೂ ಮಲಗುವ ಹಳೆಯ ಹೊದಿಕೆಯನ್ನು ಅದಕ್ಕೂ ಹಾಸಿ. ಆ ಕೋಣೆಯಲ್ಲಿ ಒಂದು ಟ್ರೇ ಇರಲಿ.